ಲೆಕ್ಕದ ಪುಸ್ತಕದಲ್ಲಿ ಬೈಸನ್ ಬೇಟೆ: ಫೋರ್ಟ್ ಮರಿಯನ್ ಕೈದಿಗಳ ಪ್ರಕರಣ

ಶೈಯೆನ್ ಜನ ಅಮೆರಿಕದ ನಡುಬಯಲಿನವರು. ಕುದುರೆ ಏರಿ ಬೈಸನ್ ಹಿಂಡಿನ ಹಿಂದೆ ಹೋಗಿ ಬದುಕಿದವರು. (ಬೈಸನ್ ಅಂದಾಗ ಬಂಡೀಪುರದ ಕಾಟಿ ಕಣ್ಣಿಗೆ ಬರಬಹುದು. ಇದು ಬೇರೆ ಪ್ರಾಣಿ. ದಟ್ಟ ಉಣ್ಣೆಯ ತಲೆ, ಎದ್ದು ಕಾಣುವ ಡುಬ್ಬ.) ಅವರ ಗಂಡಸರಿಗೆ ಚಿತ್ರ ಬರೆಯುವ ರೂಢಿ ಮೊದಲಿಂದಲೂ ಇತ್ತು. ಹಿಂದೆ ತೊಗಲಿನ ಮೇಲೆ ಬರೆಯುತ್ತಿದ್ದರು. 19ನೇ ಶತಮಾನದ ನಡುಭಾಗದಿಂದ ಬಿಳಿಯರ ಲೆಕ್ಕದ ಪುಸ್ತಕಗಳು ಕೈಗೆ ಸಿಗತೊಡಗಿದವು. ಕೆಲವು ವ್ಯಾಪಾರದಲ್ಲಿ ಬಂದವು, ಕೆಲವು ದಾಳಿಯಲ್ಲಿ. ಗೆರೆ ಹಾಕಿದ ಆ ಹಾಳೆಗಳ ಮೇಲೆ ಪೆನ್ಸಿಲ್, ಬಣ್ಣದ ಶಾಯಿಯಲ್ಲಿ ಬರೆದದ್ದಕ್ಕೆ ಲೆಡ್ಜರ್ ಚಿತ್ರ ಎಂಬ ಹೆಸರು ಬಂತು.

ಹಳೆಯ ಪುಸ್ತಕಗಳನ್ನು ತೆರೆದರೆ ಹೆಚ್ಚಾಗಿ ಕಾಣುವುದು ಯುದ್ಧ. 1869ರ ಜುಲೈ 11ರಂದು ಕೊಲರಾಡೊದ ಸಮ್ಮಿಟ್ ಸ್ಪ್ರಿಂಗ್ಸ್‌ನಲ್ಲಿ ಸೈನ್ಯ ಒಂದು ಶೈಯೆನ್ ಬೀಡನ್ನು ಹಾಳುಗೆಡವಿತು. ಅಲ್ಲಿ ಸಿಕ್ಕ ಪುಸ್ತಕದ ತುಂಬ ಹೋರಾಟದ ಚಿತ್ರಗಳೇ. ಯಾರು ಯಾರನ್ನು ಹೊಡೆದ, ಯಾರ ಕುದುರೆ ಕಸಿದ, ಯಾವ ಗುರಾಣಿ ಹಿಡಿದಿದ್ದ ಎಂಬ ವಿವರ.

1875ರಿಂದ 1878ರವರೆಗೆ ಫ್ಲಾರಿಡಾದ ಫೋರ್ಟ್ ಮರಿಯನ್ ಕೋಟೆಯಲ್ಲಿ ಸೆರೆಯಿದ್ದ ಶೈಯೆನ್ ಯೋಧರು ಬರೆದ ಪುಸ್ತಕಗಳು ಬೇರೆ ಥರ. ಅಲ್ಲಿ ಯುದ್ಧ ಕಡಿಮೆ, ಬೇಟೆ ಜಾಸ್ತಿ. ಜಿಂಕೆ, ಕಾಡು ಟರ್ಕಿ ಕೋಳಿಗಳ ಬೇಟೆಯೂ ಇದೆ. ಆದರೆ ಪುಟದಿಂದ ಪುಟಕ್ಕೆ ಮತ್ತೆ ಮತ್ತೆ ಬರುವುದು ಬೈಸನ್.

ಯಾಕೆ ಹೀಗಾಯಿತು? ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. ಒಂದು, ಊರಿನ ನೆನಪು. ಇನ್ನೊಂದು, ಕೊಳ್ಳಲು ಬರುತ್ತಿದ್ದ ಪ್ರವಾಸಿಗರ ರುಚಿ. ಎರಡೂ ಸುಳ್ಳಲ್ಲ. ಆದರೆ ಈ ಉತ್ತರಗಳಲ್ಲಿ ಒಂದು ದೊಡ್ಡ ವಿಷಯ ಬಿಟ್ಟುಹೋಗುತ್ತದೆ. ಇವರು ಜೈಲು ಸೇರಿದ್ದೇ ಬೈಸನ್ ಜಗಳದಲ್ಲಿ.

ಜಗಳದ ಮೂಲ

1867ರ ಅಕ್ಟೋಬರ್‌ನಲ್ಲಿ ಕಾನ್ಸಸ್‌ನ ಮೆಡಿಸಿನ್ ಲಾಡ್ಜ್ ಹೊಳೆಯ ಹತ್ತಿರ ಒಪ್ಪಂದಗಳಾದವು. ದಕ್ಷಿಣ ಬಯಲಿನ ಬುಡಕಟ್ಟುಗಳು ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಬೇಕು. ಬದಲಿಗೆ ಅರ್ಕನ್ಸಾ ನದಿಯ ದಕ್ಷಿಣಕ್ಕೆ ಬೇಟೆಯ ಹಕ್ಕು ಇರುತ್ತದೆ. ಆದರೆ ಅದಕ್ಕೊಂದು ಷರತ್ತು: ಬೇಟೆಗೆ ಸಾಕಾಗುವಷ್ಟು ಬೈಸನ್ ಅಲ್ಲಿ ಇರುವ ತನಕ ಮಾತ್ರ.

ಈ ಷರತ್ತನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಹಕ್ಕು ಇರುವುದು ಪ್ರಾಣಿ ಇರುವ ತನಕ. ಪ್ರಾಣಿ ಮುಗಿದರೆ ಹಕ್ಕೂ ಮುಗಿಯಿತು. ಒಪ್ಪಂದ ಮುರಿಯಬೇಕಾಗಿಯೇ ಇಲ್ಲ, ಬೈಸನ್ ಕೊಂದರೆ ಸಾಕು.

1871ರ ಸುಮಾರಿಗೆ ಬೈಸನ್ ತೊಗಲನ್ನು ಗಟ್ಟಿ ಚರ್ಮವಾಗಿ ಹದ ಮಾಡುವ ದಾರಿ ಕಾರ್ಖಾನೆಗಳಿಗೆ ಸಿಕ್ಕಿತು. ಯಂತ್ರಗಳ ಬೆಲ್ಟಿಗೆ ಆ ಚರ್ಮ ಬೇಕಿತ್ತು. 1872ರಲ್ಲಿ ರೈಲು ಡಾಡ್ಜ್ ಸಿಟಿ ಮುಟ್ಟಿತು. ದೂರದಿಂದ ಗುರಿಯಿಡುವ ಭಾರಿ ಶಾರ್ಪ್ಸ್ ಬಂದೂಕು ಹಿಡಿದು ಚರ್ಮದ ಬೇಟೆಗಾರರು ಬಯಲಿಗೆ ಇಳಿದರು. 1872ರಿಂದ 1874ರ ಮೂರೇ ವರ್ಷದಲ್ಲಿ ಬಿಳಿಯರು ಕೊಂದದ್ದು 30 ಲಕ್ಷಕ್ಕೂ ಹೆಚ್ಚು ಎಂಬುದು ಆ ಕಾಲದ ಒಬ್ಬ ಸೇನಾಧಿಕಾರಿಯ ಅಂದಾಜು. ಚರ್ಮ ಸುಲಿದುಕೊಂಡು ಹೋಗುತ್ತಿದ್ದರು. ಮಾಂಸ ಅಲ್ಲೇ ಕೊಳೆಯುತ್ತಿತ್ತು.

ಕಾನ್ಸಸ್‌ನಲ್ಲಿ ಹಿಂಡು ತೆಳುವಾದ ಮೇಲೆ ಅವರು ಅರ್ಕನ್ಸಾ ದಾಟಿ ಟೆಕ್ಸಸ್ ಕಡೆಗೆ ಬಂದರು. ಸೈನ್ಯ ತಡೆಯಲಿಲ್ಲ. ಇತ್ತ ಬುಡಕಟ್ಟುಗಳ ನೆಲೆಯಲ್ಲಿ ಸರ್ಕಾರ ಕೊಡಬೇಕಿದ್ದ ರೇಷನ್ ಸರಿಯಾಗಿ ಬರುತ್ತಿರಲಿಲ್ಲ. 1874ರ ಜೂನ್ 27ರ ಬೆಳಗಿನ ಜಾವ ಕಮಾಂಚಿ, ಶೈಯೆನ್, ಕಯೊವಾ ಯೋಧರು ಸೇರಿ ಟೆಕ್ಸಸ್‌ನ ಅಡೋಬಿ ವಾಲ್ಸ್ ಮೇಲೆ ಬಿದ್ದರು. ಅದು ಚರ್ಮದ ಬೇಟೆಗಾರರ ವ್ಯಾಪಾರದ ತಾಣ. ಒಳಗಿದ್ದವರು ಮೂವತ್ತರೊಳಗೆ, ಹೊರಗೆ ನೂರಾರು ಜನ. ಆದರೂ ದೂರ ಹೊಡೆಯುವ ಬಂದೂಕುಗಳ ಮುಂದೆ ದಾಳಿ ಫಲಿಸಲಿಲ್ಲ. ಸೈನ್ಯಕ್ಕೂ ಈ ಬುಡಕಟ್ಟುಗಳಿಗೂ ನಡೆದ ರೆಡ್ ರಿವರ್ ಯುದ್ಧಕ್ಕೆ ಇದೇ ನಾಂದಿ. 1875ರ ವಸಂತದ ಹೊತ್ತಿಗೆ ಹಸಿವು, ಚಳಿ, ಕುದುರೆಗಳ ನಷ್ಟದಿಂದ ಸೋತು ಹೆಚ್ಚಿನವರು ಶರಣಾದರು.

ಬಲಗಡೆಯಿಂದ ಹದಿನೆಂಟು ಜನ

ಶಿಕ್ಷೆಗೆ ಯಾರನ್ನು ಆರಿಸಿದರು ಎಂಬ ಕತೆ ವಿಚಿತ್ರ. ಶೈಯೆನ್ ಏಜೆನ್ಸಿಯಲ್ಲಿ, ಅಂದರೆ ಅವರ ನೆಲೆಯ ಸರ್ಕಾರಿ ಕಚೇರಿಯಲ್ಲಿ, ಗಂಡಸರನ್ನು ಸಾಲಾಗಿ ನಿಲ್ಲಿಸಿ ಅಪರಾಧಿಗಳನ್ನು ಗುರುತಿಸತೊಡಗಿದರು. ಪಟ್ಟಿ ತುಂಬುವ ಮುಂಚೆ ಕತ್ತಲಾಯಿತು. ಹೊಣೆ ಹೊತ್ತಿದ್ದ ಸೇನಾಧಿಕಾರಿ ಸಾಲಿನ ಬಲಗಡೆಯಿಂದ ಹದಿನೆಂಟು ಜನರನ್ನು ಎಣಿಸಿ ಬೇರೆ ಮಾಡಿಬಿಟ್ಟ. ಅವನು ಕುಡಿದಿದ್ದ ಎಂಬ ಮಾತೂ ಇದೆ. ಆಮೇಲೆ ವಿಚಾರಿಸಿ ಸರಿಪಡಿಸುವ ಯೋಚನೆಯಿತ್ತಂತೆ. ಅದು ಆಗಲೇ ಇಲ್ಲ. ಅಂದರೆ ಕೆಲವರು ಸೆರೆಗೆ ಹೋದದ್ದು ಮಾಡಿದ ಕೆಲಸಕ್ಕಲ್ಲ, ನಿಂತ ಜಾಗಕ್ಕೆ!

ವಿಚಾರಣೆಯೂ ನಡೆಯಲಿಲ್ಲ. ಬುಡಕಟ್ಟುಗಳು ಸರ್ಕಾರದ ಪೋಷಣೆಯಲ್ಲಿರುವವರು, ಅವರ ಜೊತೆ ಕಾನೂನಿನ ಪ್ರಕಾರ ಯುದ್ಧ ಇರಲು ಸಾಧ್ಯವಿಲ್ಲ, ಹಾಗಾಗಿ ಸೇನಾ ನ್ಯಾಯಮಂಡಳಿಯೂ ನಡೆಯದು ಎಂದು ಸರ್ಕಾರದ ವಕೀಲರು ಹೇಳಿದರು. ವಿಚಾರಣೆ ಬೇಡ, ಸೆರೆಮನೆ ಮಾತ್ರ ಇರಲಿ ಎಂದಾಯಿತು.

ಪಟ್ಟಿಯಲ್ಲಿ 72 ಹೆಸರು. ಅದರಲ್ಲಿ ಶೈಯೆನ್ನರು 33, ಒಬ್ಬಳು ಹೆಂಗಸೂ ಸೇರಿ. ಉಳಿದವರು ಕಯೊವಾ, ಕಮಾಂಚಿ, ಅರಾಪಹೊ ಮತ್ತು ಒಬ್ಬ ಕ್ಯಾಡೊ. ಕಾಲಿಗೆ ಸರಪಳಿ ಬಿಗಿದು ಬಂಡಿ, ರೈಲುಗಳಲ್ಲಿ ಪೂರ್ವಕ್ಕೆ ಸಾಗಿಸಿದರು. ನಿಲ್ದಾಣಗಳಲ್ಲಿ ಜನ ಮುಗಿಬಿದ್ದು ನೋಡಿದರು. ಗ್ರೇ ಬಿಯರ್ಡ್ ಎಂಬ ಶೈಯೆನ್ ಮುಖಂಡ ಓಡುವ ರೈಲಿನ ಕಿಟಕಿಯಿಂದ ಹಾರಿದ. ಕಾವಲಿನವರು ಗುಂಡು ಹಾರಿಸಿದರು, ಸತ್ತ. ಉಳಿದವರು 1875ರ ಮೇ 21ರಂದು ಸೇಂಟ್ ಅಗಸ್ಟೀನ್ ಊರಿನ ಫೋರ್ಟ್ ಮರಿಯನ್ ಸೇರಿದರು. ಇದು 17ನೇ ಶತಮಾನದಲ್ಲಿ ಸ್ಪ್ಯಾನಿಷರು ಕಟ್ಟಿದ ಕಡಲತೀರದ ಕೋಟೆ. ಕಲ್ಲೂ ಕಡಲಿನದೇ, ಚಿಪ್ಪುಗಳು ಬೆಸೆದು ಆದದ್ದು.

ಎರಡು ಡಾಲರಿನ ಪುಸ್ತಕ

ಕೈದಿಗಳ ಉಸ್ತುವಾರಿ ಲೆಫ್ಟಿನೆಂಟ್ ರಿಚರ್ಡ್ ಹೆನ್ರಿ ಪ್ರ್ಯಾಟ್‌ನದು. ಅವನು ಸರಪಳಿ ಬಿಚ್ಚಿಸಿದ. ಕೂದಲು ಕತ್ತರಿಸಿ ಸೈನ್ಯದ ಸಮವಸ್ತ್ರ ತೊಡಿಸಿದ. ಇಂಗ್ಲಿಷ್ ಪಾಠ, ಬೈಬಲ್ ಪಾಠ ಶುರುಮಾಡಿಸಿದ. ಕೈದಿಗಳನ್ನೇ ಕೈದಿಗಳ ಕಾವಲಿಗೆ ನಿಲ್ಲಿಸಿದ. ಒಳ್ಳೆಯವನೋ ಕೆಟ್ಟವನೋ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಮುಂದೆ 1879ರಲ್ಲಿ ಕಾರ್ಲೈಲ್ ಶಾಲೆ ತೆರೆದು ಬುಡಕಟ್ಟು ಮಕ್ಕಳ ಭಾಷೆ, ನಡೆನುಡಿ ಅಳಿಸುವ ಕೆಲಸಕ್ಕೆ ಮುಂದಾಳಾದವನೂ ಇವನೇ. ಅದರ ಮೊದಲ ಪ್ರಯೋಗ ನಡೆದದ್ದು ಈ ಕೋಟೆಯಲ್ಲಿ.

ಕಾಗದ, ಪೆನ್ಸಿಲ್, ಬಣ್ಣ ಕೊಡಿಸಿದವನೂ ಅವನೇ. ಸೇಂಟ್ ಅಗಸ್ಟೀನ್ ಚಳಿಗಾಲದಲ್ಲಿ ಉತ್ತರದ ಶ್ರೀಮಂತರು ಬಂದು ತಂಗುವ ಊರು. ಅವರು ಕೋಟೆ ನೋಡಲು ಬರುತ್ತಿದ್ದರು. ಚಿತ್ರದ ಪುಸ್ತಕ ಎರಡು ಡಾಲರಿಗೆ ಮಾರಾಟವಾಗುತ್ತಿತ್ತು. ದುಡ್ಡು ಬರೆದವನಿಗೆ. ಕೆಲವರು ಅದರಲ್ಲಿ ಮನೆಗೂ ಕಳಿಸಿದರು. ಸುಮಾರು 26 ಮಂದಿ ಹೀಗೆ ಚಿತ್ರ ಬರೆದರು, ಹೆಚ್ಚಿನವರು ಶೈಯೆನ್ ಮತ್ತು ಕಯೊವಾ ಯುವಕರು. ಶೈಯೆನ್ನರಲ್ಲಿ ಹೌಲಿಂಗ್ ವುಲ್ಫ್, ಮೇಕಿಂಗ್ ಮೆಡಿಸಿನ್, ಬೇರ್ಸ್ ಹಾರ್ಟ್, ಕೊಹೋ, ಸ್ಕ್ವಿಂಟ್ ಐಸ್ ಮುಖ್ಯರು. ಹೌಲಿಂಗ್ ವುಲ್ಫ್‌ನ ಅಪ್ಪ ಮಿನಿಮಿಕ್ ಕೂಡ ಅದೇ ಕೋಟೆಯಲ್ಲಿ ಕೈದಿ.

ಕೊಂಡವರೂ ಸಾಮಾನ್ಯರಲ್ಲ. ಮಿನ್ನೆಸೋಟದ ಬಿಷಪ್ ಹೆನ್ರಿ ವಿಪ್ಪಲ್ ಪುಸ್ತಕಗಳನ್ನು ಕೊಂಡ. ಇವಾ ಸ್ಕಾಟ್ ಎಂಬ ಕಲಾಸಕ್ತ ಹೆಣ್ಣುಮಗಳು 1877ರಲ್ಲಿ ಹೌಲಿಂಗ್ ವುಲ್ಫ್‌ನಿಂದ ಒಂದು, ಕಯೊವಾ ಕಲಾವಿದ ಜೋಟಮ್‌ನಿಂದ ಒಂದು ಪುಸ್ತಕ ಹೇಳಿ ಬರೆಸಿದಳು.

ಹಾಗಾಗಿ ಇದನ್ನು ಸಂತೆಯ ಮಾಲು ಎಂದು ತಳ್ಳಿಹಾಕುವವರು ಇದ್ದಾರೆ. ಮಾಲು ಹೌದು, ಅಲ್ವಾ? ಮಾರಲೆಂದೇ ಬರೆದದ್ದು. ಆದರೆ ಏನು ಬರೆಯಬೇಕೆಂದು ಪ್ರತಿ ಗೆರೆಯನ್ನೂ ಕೊಳ್ಳುವವನು ಹೇಳುತ್ತಿರಲಿಲ್ಲ. ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ.

ಬೇಟೆಯ ಪುಟದಲ್ಲಿ ಏನಿದೆ

ಓಟ ಹೆಚ್ಚಾಗಿ ಬಲದಿಂದ ಎಡಕ್ಕೆ. ಇದು ಬಯಲಿನ ಚಿತ್ರಗಳ ಹಳೆಯ ಕಟ್ಟಳೆ. ಯುದ್ಧದ ಚಿತ್ರದಲ್ಲಿ ನಾಯಕ ಬಲಗಡೆಯಿಂದ ನುಗ್ಗುತ್ತಾನೆ, ವೈರಿ ಎಡಗಡೆ. ಬೇಟೆಯ ಪುಟದಲ್ಲಿ ವೈರಿಯ ಜಾಗಕ್ಕೆ ಬೈಸನ್ ಬಂದಿದೆ. ಉಳಿದ ಜೋಡಣೆ ಹಾಗೇ ಇದೆ.

ಕುದುರೆಯ ಬಾಲ ನೋಡಿ. ಯುದ್ಧಕ್ಕೆ ಹೊರಟ ಕುದುರೆಯ ಬಾಲ ಮೇಲೆತ್ತಿ ಬಿಗಿದು ಕಟ್ಟಿರುತ್ತದೆ. ಬೇಟೆಯ ಕುದುರೆಯದು ಬಿಟ್ಟ ಬಾಲ. ಬೇಟೆಗಾರನ ಮೈಮೇಲೆ ಗರಿಯ ಕಿರೀಟವಿಲ್ಲ, ಗುರಾಣಿಯಿಲ್ಲ. ಬರೀ ಲಂಗೋಟಿ, ಬತ್ತಳಿಕೆ, ಕೈಯಲ್ಲಿ ಬಿಲ್ಲು. ಓಡುವ ಬೈಸನ್ ಪಕ್ಕಕ್ಕೆ ಕುದುರೆ ಒತ್ತಿ ತರುವಾಗ ಮೈಮೇಲೆ ಹೆಚ್ಚಿನದು ಏನಿದ್ದರೂ ತೊಂದರೆಯೇ.

ಆ ಕುದುರೆಯೂ ಸುಮ್ನೆ ಯಾವುದೋ ಕುದುರೆಯಲ್ಲ. ಬೈಸನ್ ಓಟಕ್ಕೆಂದೇ ಪಳಗಿಸಿದ್ದು. ಬಲಗೈಯವನು ಬಿಲ್ಲನ್ನು ಎಳೆದು ಎಡಕ್ಕೆ ಹೊಡೆಯುತ್ತಾನೆ. ಹಾಗಾಗಿ ಬೈಸನ್‌ನ ಬಲಮಗ್ಗುಲಿಗೆ ಕುದುರೆ ಬರಬೇಕು, ಬಾಣ ಬಿಟ್ಟ ಕ್ಷಣ ದೂರ ಸರಿಯಬೇಕು. ಗಾಯಗೊಂಡ ಬೈಸನ್ ತಿರುಗಿ ಕೊಂಬಿನಲ್ಲಿ ತಿವಿದರೆ ಕುದುರೆಯ ಹೊಟ್ಟೆಯೇ ಸೀಳಿಹೋಗುತ್ತದೆ. ಚಿತ್ರಗಾರರು ಈ ಕುದುರೆಗಳನ್ನು ಒಂದೊಂದಾಗಿ ಗುರುತಿಸಿ ಬಣ್ಣ ಹಚ್ಚಿದ್ದಾರೆ. ಹಣೆಯ ಬಿಳಿ, ಕಾಲಿನ ಬಿಳಿ, ಮಚ್ಚೆ ಎಲ್ಲವೂ ಬೇರೆಬೇರೆ. ಮನುಷ್ಯರ ಮುಖಗಳು ಮಾತ್ರ ಹೆಚ್ಚುಕಡಿಮೆ ಒಂದೇ ಥರ.

ಬೈಸನ್ ವಿಷಯದಲ್ಲೂ ಹಾಗೇ. ಬಾಲ ಎತ್ತಿದ್ದರೆ ಸಿಟ್ಟಿಗೆದ್ದಿದೆ ಎಂದು ಅರ್ಥ. ಮೂಗು, ಬಾಯಿಂದ ಕೆಂಪು ಸುರಿಯುತ್ತಿದ್ದರೆ ಬಾಣ ಶ್ವಾಸಕೋಶ ಮುಟ್ಟಿದೆ. ಬಾಣ ನಾಟಿರುವುದು ಪಕ್ಕೆಲುಬಿನ ಹಿಂದೆ, ಮುಂದಕ್ಕೆ ಓರೆಯಾಗಿ. ಅಲ್ಲಿ ಹೊಡೆದರೆ ಎದೆಗೆ ಹೋಗುತ್ತದೆ. ಬೇರೆ ಕಡೆ ಹೊಡೆದರೆ ಎಲುಬು, ಬಾಣ ವ್ಯರ್ಥ. ಸೇಂಟ್ ಅಗಸ್ಟೀನ್‌ನ ಯಾವ ಪ್ರವಾಸಿಗೂ ಈ ವಿವರ ಬೇಕಿರಲಿಲ್ಲ. ಬಾಣ ಎಲ್ಲಿ ನಾಟಿದ್ದರೂ ಅವರು ಎರಡು ಡಾಲರ್ ಕೊಡುತ್ತಿದ್ದರು.

ಆಗಲೇ ಹಲವರ ಕೈಯಲ್ಲಿ ಬಂದೂಕು ಇದ್ದ ಕಾಲ. ಆದರೂ ಪುಟಗಳಲ್ಲಿ ಬಿಲ್ಲೇ ಹೆಚ್ಚು. ಕೊಳ್ಳುವವರಿಗೆ ಬಿಲ್ಲು ಇಷ್ಟ ಅನ್ನುವುದು ಒಂದು ಕಾರಣ ಇರಬಹುದು. ನನಗೆ ಇನ್ನೊಂದು ಕಾರಣ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಬಾಣಕ್ಕೆ ಒಡೆಯನ ಗುರುತು ಇರುತ್ತಿತ್ತು. ಬಿದ್ದ ಬೈಸನ್ ಯಾರದು ಎಂದು ಬಾಣ ನೋಡಿ ಹೇಳಬಹುದಿತ್ತು. ಗುಂಡಿಗೆ ಅಂಥ ಗುರುತಿಲ್ಲ.

ಹಲವು ಸವಾರರು ಹಿಂಡನ್ನು ಸುತ್ತುವ ದೊಡ್ಡ ಪುಟಗಳೂ ಇವೆ. ಅವುಗಳ ಹಿಂದೆ ಒಂದು ಕಟ್ಟುನಿಟ್ಟು ಇದೆ. ಊರೆಲ್ಲ ಸೇರಿ ಬೇಟೆಗೆ ಹೊರಟಾಗ ಯಾರೂ ಮುಂಚೆ ನುಗ್ಗುವಂತಿಲ್ಲ. ನುಗ್ಗಿದರೆ ಹಿಂಡು ಚೆದುರಿ ಎಲ್ಲರಿಗೂ ಉಪವಾಸ. ಕಾವಲು ಯೋಧರ ಸಂಘಗಳದ್ದು. ಅವಸರಪಟ್ಟು ಮುಂದೋಡಿದ ಇಬ್ಬರು ಹುಡುಗರ ಕತೆಯನ್ನು ಶೈಯೆನ್ ಹಿರಿಯರು ನೆನಪಿಸಿಕೊಂಡಿದ್ದಾರೆ. ಸಂಘದವರು ಅವರನ್ನು ಚಾಟಿಯಲ್ಲಿ ಹೊಡೆದರು, ಕುದುರೆಗಳನ್ನು ಕೊಂದರು, ಬಂದೂಕು ಮುರಿದರು. ಹುಡುಗರು ತಲೆಬಾಗಿಸಿ ನಿಂತ ಮೇಲೆ ಅದೇ ಸಂಘದವರು ಬೇರೆ ಕುದುರೆ, ಬೇರೆ ಬಂದೂಕು ತಂದುಕೊಟ್ಟರು. ಗುಂಪು ಬೇಟೆಯ ಪುಟ ಅಂದರೆ ಈ ಇಡೀ ಆಡಳಿತ. ಬಿಳಿಯರು ಕಾಡು ಜನ ಎಂದು ಕರೆದವರ ಕಾನೂನು ಅಲ್ಲಿ ಕೆಲಸ ಮಾಡುತ್ತಿದೆ.

ಬೇಟೆಯ ಪುಟ ಅಲ್ಲಿಗೇ ನಿಲ್ಲುವುದೂ ಇಲ್ಲ. ಮುಂದೆ ಕಡಿಯುವುದು, ಮಾಂಸ ಕುದುರೆ ಮೇಲೆ ಹೇರುವುದು, ಬೀಡಿನಲ್ಲಿ ಹೆಂಗಸರು ಮಾಂಸ ಸೀಳಿ ಕಂಬಗಳಿಗೆ ಒಣಹಾಕುವುದು, ತೊಗಲನ್ನು ನೆಲಕ್ಕೆ ಗೂಟ ಹೊಡೆದು ಹರಡುವುದು. ಒಂದು ಟೀಪಿ ಡೇರೆ ಹೊದಿಸಲು ಹತ್ತು ಹದಿನೈದು ತೊಗಲು ಬೇಕು. ಯುದ್ಧದ ಪುಸ್ತಕಗಳಲ್ಲಿ ಹೆಂಗಸರ ದುಡಿಮೆಗೆ ಜಾಗವೇ ಇರಲಿಲ್ಲ. ಇಲ್ಲಿ ಬಂತು. ಚರ್ಮ ಸುಲಿದು ಮಾಂಸ ಬಿಟ್ಟುಹೋಗುತ್ತಿದ್ದವರ ವಿರುದ್ಧ ಹೋರಾಡಿ ಸೋತು ಜೈಲಿಗೆ ಬಂದವರು ಪೂರ್ತಿ ಪ್ರಾಣಿ ಬಳಕೆಯಾಗುವ ಪುಟ ಬರೆಯುತ್ತಿದ್ದಾರೆ. ಕಾಕತಾಳೀಯ ಎಂದು ಹೇಳುವವರು ಹೇಳಲಿ, ನನಗಂತೂ ಹಾಗೆ ಕಾಣುವುದಿಲ್ಲ.

ಯುದ್ಧ ಎಲ್ಲಿ ಹೋಯಿತು

ಯುದ್ಧದ ಚಿತ್ರ ಬರೆಯುವುದಕ್ಕೆ ಶೈಯೆನ್ನರಲ್ಲಿ ಹಕ್ಕು ಬೇಕಿತ್ತು. ಸಾಹಸ ಮಾಡಿದವನಿಗೆ ಅದನ್ನು ಹೇಳುವ ಹಕ್ಕು. ಕಂಡ ಸಾಕ್ಷಿಗಳ ಮುಂದೆ ಹೇಳಬೇಕು. ಚಿತ್ರ ಆ ಹೇಳಿಕೆಯ ದಾಖಲೆ. ರಜೆ ಕಳೆಯಲು ಬಂದ ನ್ಯೂಯಾರ್ಕ್ ಮಹಿಳೆ ಅದಕ್ಕೆ ಯಾವ ಸಾಕ್ಷಿ ಹೇಳಬಲ್ಲಳು?

ಇನ್ನೊಂದು ಅಪಾಯವೂ ಇತ್ತು. ಇವರ ಮೇಲಿದ್ದ ಆರೋಪವೇ ದಾಳಿ, ಕೊಲೆ. ಕೋಟೆಗೆ ಬರುವ ಮುಂಚೆ ಫೋರ್ಟ್ ಸಿಲ್‌ನಲ್ಲಿ ಕೈದಿಗಳ ವಿರುದ್ಧ ಹೇಳಿಕೆ ಸಂಗ್ರಹಿಸಿದ್ದವನು ಪ್ರ್ಯಾಟ್. ಬಿಡುಗಡೆ ಯಾವಾಗ ಎಂದು ಗೊತ್ತಿಲ್ಲದೆ ಕಾಯುವವನು ತಾನು ಸೈನಿಕನನ್ನು ಕೊಂದ ಚಿತ್ರ ಬರೆದು ಜೈಲಧಿಕಾರಿಯ ಮುಂದೆ ಇಡುತ್ತಾನೆಯೇ? ಯುದ್ಧದ ಚಿತ್ರಗಳು ಪೂರ್ತಿ ನಿಲ್ಲಲಿಲ್ಲ, ಆದರೆ ತೀರಾ ಕಡಿಮೆಯಾದವು.

ಹೊಸ ವಿಷಯಗಳು ಸೇರಿದವು. ರೈಲು, ಹಡಗು, ಕೋಟೆಯ ಅಂಗಳ, ಶಾಲೆಯ ಪಾಠ, ಶಾರ್ಕ್ ಹಿಡಿಯುವುದು. ಬೇರ್ಸ್ ಹಾರ್ಟ್ ಬಿಷಪ್ ವಿಪ್ಪಲ್ ಉಪದೇಶ ಮಾಡುವ ದೃಶ್ಯ ಬರೆದ. ಸಮವಸ್ತ್ರ ತೊಟ್ಟ ಕೈದಿಗಳು ಸಾಲಾಗಿ ಕೂತಿದ್ದಾರೆ. ಅಂಥ ಪುಟಗಳ ಸಾಲುಗಳು ಮತ್ತು ಬೇಟೆಯ ಪುಟದ ಓಟ ಒಂದೇ ಕೈಯಿಂದ ಬಂದಿವೆ ಎಂದು ನಂಬುವುದೇ ಕಷ್ಟ.

ಬೈಸನ್ ವಿಷಯವನ್ನು ಬಾಯಿಬಿಟ್ಟು ಹೇಳಿದ ಒಂದು ಚಿತ್ರವಿದೆ. ಬರೆದವನು ಶೈಯೆನ್ನನಲ್ಲ, ಅದೇ ಕೋಟೆಯ ಕಯೊವಾ ಕೈದಿ ವೊಹಾ. ಕಾಲ 1877. ನಡುವೆ ಒಬ್ಬ ಮನುಷ್ಯ. ಒಂದು ಪಕ್ಕ ಬೈಸನ್, ಇನ್ನೊಂದು ಪಕ್ಕ ಮಚ್ಚೆಯ ಎತ್ತು. ಎರಡರ ಉಸಿರೂ ಅವನ ಕಡೆಗೆ ಹರಿಯುತ್ತಿದೆ. ಅವನು ಎರಡಕ್ಕೂ ಚಿಲುಮೆ ಚಾಚಿದ್ದಾನೆ. ಎತ್ತಿನ ಕಡೆಗೆ ಹೊಲ, ಮನೆ. ಬೈಸನ್ ಕಡೆಗೆ ಟೀಪಿ ಡೇರೆ. ಸರ್ಕಾರದ ಯೋಜನೆಯೂ ಇದೇ ಅಲ್ವಾ? ಬೈಸನ್ ಬದಲು ದನದ ಮಾಂಸದ ರೇಷನ್, ಬೇಟೆಯ ಬದಲು ಬೇಸಾಯ. ಜೊತೆಗಾರನೊಬ್ಬ ಇಷ್ಟು ಬಿಚ್ಚಿ ಹೇಳುತ್ತಿರುವಾಗ, ಪಕ್ಕದ ಶೈಯೆನ್ ಕಲಾವಿದರು ಬೈಸನ್ ಬರೆದದ್ದು ಬರೀ ಚಂದಕ್ಕೆ ಎನ್ನಲು ನನಗೆ ಮನಸ್ಸಿಲ್ಲ.

ಇದಕ್ಕೊಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದು. ಕೈದಿಗಳು ತಮ್ಮ ಉದ್ದೇಶವನ್ನು ಬರೆದಿಡಲಿಲ್ಲ. ಪುಟದ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಹಲವು ಸಲ ಬೇರೆಯವರು ಬರೆದಿದ್ದಾರೆ. ಒಬ್ಬೊಬ್ಬನ ಮನಸ್ಸಿನಲ್ಲಿ ಏನಿತ್ತು ಎಂದು ಇವತ್ತು ಆಣೆಯಿಟ್ಟು ಹೇಳಲಾಗದು. ಒಬ್ಬನಿಗೆ ದುಡ್ಡು ಮುಖ್ಯ ಇರಬಹುದು, ಇನ್ನೊಬ್ಬನಿಗೆ ಹೊತ್ತು ಹೋಗುವುದು. ನಾನು ಹೇಳುತ್ತಿರುವುದು ಇಷ್ಟೇ: ಅವರು ಹೊಸ ವಿಷಯ ಹುಡುಕಿಕೊಳ್ಳಲಿಲ್ಲ. ಯುದ್ಧ ಯಾವುದಕ್ಕಾಗಿ ನಡೆಯಿತೋ ಅದನ್ನೇ ಬರೆದರು. ಕೊಂಡವರಿಗೆ ಅದು ಚಂದದ ಬೇಟೆಯಾಗಿ ಕಂಡಿತು, ಹಾಗಾಗಿ ಯಾರೂ ಬೇಡ ಎನ್ನಲಿಲ್ಲ.

ಆಮೇಲೆ

1877ರಲ್ಲಿ ಶಿಲ್ಪಿ ಕ್ಲಾರ್ಕ್ ಮಿಲ್ಸ್ ಕೋಟೆಗೆ ಬಂದು 64 ಕೈದಿಗಳ ತಲೆಯ ಅಚ್ಚನ್ನು ಪ್ಲಾಸ್ಟರ್‌ನಲ್ಲಿ ತೆಗೆದ, ಸ್ಮಿತ್ಸೋನಿಯನ್ ಸಂಸ್ಥೆಗಾಗಿ. 1878ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಕೆಲವರು ಓದಲೆಂದು ಪೂರ್ವದಲ್ಲೇ ಉಳಿದರು, ಹೆಚ್ಚಿನವರು ಮರಳಿದರು.

ಬೇರ್ಸ್ ಹಾರ್ಟ್ 1882ರಲ್ಲೇ ಕ್ಷಯದಿಂದ ಸತ್ತ. ಮೇಕಿಂಗ್ ಮೆಡಿಸಿನ್ 1881ರಲ್ಲಿ ಎಪಿಸ್ಕೋಪಲ್ ಚರ್ಚಿನ ಡೀಕನ್ (ಕೆಳಹಂತದ ಪಾದ್ರಿ) ಆದ. ಡೇವಿಡ್ ಪೆಂಡಲ್ಟನ್ ಓಕರ್‌ಹೇಟರ್ ಎಂಬ ಹೆಸರಿನಲ್ಲಿ ತನ್ನ ಜನರ ನಡುವೆ ಕೆಲಸ ಮಾಡಿ 1931ರಲ್ಲಿ ತೀರಿಕೊಂಡ. ಸ್ಕ್ವಿಂಟ್ ಐಸ್ ಕೆಲಕಾಲ ಸ್ಮಿತ್ಸೋನಿಯನ್‌ನಲ್ಲಿ ಕೆಲಸ ಮಾಡಿದ. ಹಕ್ಕಿ, ಪ್ರಾಣಿಗಳ ಚರ್ಮ ತುಂಬಿಸಿ ಕಾಪಿಡುವುದನ್ನು ಕಲಿತ, ಅಲ್ಲೂ ಚಿತ್ರ ಬರೆದ.

ಹೌಲಿಂಗ್ ವುಲ್ಫ್ ಊರಿಗೆ ಮರಳಿದ. ಸೆರೆಗೆ ಮುಂಚೆ, ಸೆರೆಯಲ್ಲಿ, ಆಮೇಲೆ, ಹೀಗೆ ಮೂರೂ ಕಾಲದಲ್ಲಿ ಅವನು ಬರೆದದ್ದು ಉಳಿದಿದೆ. ಸೆರೆಗೆ ಮುಂಚಿನ ಪುಟಗಳು ಓಹಾಯೊದ ಓಬರ್ಲಿನ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಯುದ್ಧದ ಸಾಹಸವೇ ಮುಖ್ಯ. ಅವನ ಕೋಟೆಯ ಪುಟಗಳ ಪಕ್ಕ ಇವನ್ನು ಇಟ್ಟು ನೋಡಿದರೆ ಈ ಪ್ರಕರಣ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೆಡಿಸಿನ್ ಲಾಡ್ಜ್ ಷರತ್ತು ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. 1870ರ ದಶಕ ಮುಗಿಯುವ ಹೊತ್ತಿಗೆ ದಕ್ಷಿಣದ ಹಿಂಡು ಇರಲಿಲ್ಲ. 1889ರಲ್ಲಿ ಸ್ಮಿತ್ಸೋನಿಯನ್‌ನ ವಿಲಿಯಂ ಹಾರ್ನಡೆ ಲೆಕ್ಕ ಹಾಕಿದಾಗ ಎಲ್ಲ ಕಡೆಯ ಬೈಸನ್ ಸೇರಿ ಸಾವಿರದ ಆಸುಪಾಸು.

ಪುಸ್ತಕಗಳಿಗೂ ಒಂದು ಪೆಟ್ಟು ಬಿತ್ತು. 20ನೇ ಶತಮಾನದಲ್ಲಿ ಇವುಗಳ ಬೆಲೆ ಏರಿದಂತೆ ವ್ಯಾಪಾರಿಗಳು ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರತೊಡಗಿದರು. ಓಟದ ಪುಟ ಒಬ್ಬರ ಗೋಡೆಗೆ, ಮಾಂಸ ಒಣಹಾಕುವ ಪುಟ ಇನ್ನೊಬ್ಬರ ಗೋಡೆಗೆ. ಹಾಗೆ ಬಿಡಿಯಾದಾಗ ಉಳಿಯುವುದು ಬರೀ ರೋಚಕ ಬೇಟೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರು ಲೆಡ್ಜರ್ ಪುಸ್ತಕಗಳನ್ನು ಪುಟದ ಕ್ರಮದಲ್ಲೇ ಡಿಜಿಟಲ್ ಮಾಡಿ ಜಾಲತಾಣದಲ್ಲಿ ಇಟ್ಟಿದ್ದಾರೆ. ನೋಡುವುದಾದರೆ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಿ, ಬಿಡಿ ಹಾಳೆ ಬೇಡ.